ಬ್ಯಾಂಕ್ ಕೆಲಸದಲ್ಲಿ ಬತ್ತಿ ಹೋದಂತಾಗಿದೆಯಾ? ಇಲ್ಲಿಂದ ಶುರು ಮಾಡಿ

ಗೃಹಲಕ್ಷ್ಮಿ ಹಣ ಬರಲು ಶುರುವಾಗಿ ಕೆಲವು ತಿಂಗಳಾಗಿತ್ತು. ನಮ್ಮ ಶಾಖೆ ಇರುವುದು ಹಾವೇರಿ ಕಡೆಯ ಒಂದು ತಾಲ್ಲೂಕು ಊರಿನಲ್ಲಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಪಾಸ್‌ಬುಕ್ ಹಿಡಿದ ಹೆಣ್ಣುಮಕ್ಕಳ ಸಾಲು ರಸ್ತೆವರೆಗೆ ಇರುತ್ತಿತ್ತು. ಒಬ್ಬ ಅಜ್ಜಿ ಅದೇ ವಾರದಲ್ಲಿ ಮೂರನೇ ಸಲ ಬಂದು, ‘ಮೇಡಂರೀ, ರೊಕ್ಕಾ ಬಂದೈತೇನು ನೋಡ್ರೀ’ ಎಂದರು. ನಾನು ತಲೆ ಎತ್ತದೆ ‘ಬಂದಿಲ್ಲ, ಹೋಗ್ರಿ’ ಎಂದುಬಿಟ್ಟೆ. ಖಾತೆ ತೆರೆದು ನೋಡಿರಲೇ ಇಲ್ಲ. ಅಜ್ಜಿ ಪಕ್ಕದ ಕೌಂಟರ್‌ಗೆ ಹೋದರು. ಅಲ್ಲಿದ್ದ ಹುಡುಗ ನೋಡಿದ. ಎರಡು ಸಾವಿರ ರೂಪಾಯಿ ಹಿಂದಿನ ದಿನವೇ ಜಮಾ ಆಗಿತ್ತು.

ಶಕ್ತಿ ಯೋಜನೆಯಿಂದ ಬಸ್ಸೇನೋ ಪುಕ್ಕಟೆ. ಆದರೆ ಅಜ್ಜಿಯ ಮೂರು ದಿನದ ಕೂಲಿ ಹೋಗಿತ್ತು. ಅದು ತಿಳಿದ ಮೇಲೂ ನನಗೆ ಬೇಜಾರಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಏನೂ ಅನ್ನಿಸಲಿಲ್ಲ. ರಾತ್ರಿ ಮಲಗಿದಾಗ ನನ್ನನ್ನು ಹೆದರಿಸಿದ್ದು ಆ ಏನೂ ಅನ್ನಿಸದಿರುವುದೇ.

ಅಲ್ಲಿಂದ ಹೊರಗೆ ಬರಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಯಾವ ಕ್ರಮದಲ್ಲಿ ಏನು ಮಾಡಿದರೆ ಬೇಗ ಆಗುತ್ತಿತ್ತು ಎಂದು ಈಗ ಗೊತ್ತಿದೆ. ಅದನ್ನೇ ಬರೆಯುತ್ತಿದ್ದೇನೆ. ಬ್ಯಾಂಕಿನವರಿಗೆ ಎಂದು ಬರೆದರೂ, ಅಂಚೆ ಕಚೇರಿ, ತಾಲ್ಲೂಕು ಕಚೇರಿ, ಆಸ್ಪತ್ರೆಯಲ್ಲಿ ಜನರ ಎದುರು ಕೂತು ಕೆಲಸ ಮಾಡುವ ಯಾರಿಗಾದರೂ ಇದರಲ್ಲಿ ಸ್ವಲ್ಪ ಸಿಗಬಹುದು.

ಮೊದಲು: ಇದು ಬರೀ ಸುಸ್ತಾ, ಬೇರೆಯದಾ?

ಮಾರ್ಚ್ ತಿಂಗಳಲ್ಲಿ ಎಲ್ಲರಿಗೂ ಸುಸ್ತಾಗುತ್ತದೆ. ಸಾಲ ನವೀಕರಣ, ಎನ್‌ಪಿಎ (ಕಂತು ನಿಂತ ಸಾಲ) ವಸೂಲಿ, 31ರ ರಾತ್ರಿಯ ಕ್ಲೋಸಿಂಗ್. ಆ ಸುಸ್ತು ಎರಡು ವಾರ ಸರಿಯಾಗಿ ಮಲಗಿದರೆ, ಒಂದು ಯುಗಾದಿ ಊಟ ಉಂಡರೆ ಹೋಗುತ್ತದೆ. ಬರ್ನ್‌ಔಟ್, ಅಂದರೆ ಕೆಲಸದಲ್ಲಿ ಬತ್ತಿ ಹೋಗುವುದು, ಹಾಗೆ ಹೋಗುವುದಿಲ್ಲ. ರಜೆ ಮುಗಿಸಿ ಬಂದ ದಿನವೇ, ಶಾಖೆಯ ಶಟರ್ ಕಂಡ ಕೂಡಲೇ ಮೈ ಭಾರವಾಗುತ್ತದೆ.

ಬರ್ನ್‌ಔಟ್ ಎಂಬ ಪದವನ್ನು 1974ರಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಬಡವರಿಗಾಗಿ ನಡೆಸುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಮನಸಿಟ್ಟು ದುಡಿಯುತ್ತಿದ್ದವರೇ ಬತ್ತಿ ಹೋಗುತ್ತಿದ್ದುದನ್ನು ಅವರು ಗಮನಿಸಿದ್ದರು. ಇದು ನನಗೆ ತುಂಬಾ ಸಮಾಧಾನ ಕೊಟ್ಟ ಮಾತು. ಬತ್ತಿ ಹೋಗುವವರು ಸೋಮಾರಿಗಳಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಕೊಟ್ಟಿದೆ. ಶಕ್ತಿ ಪೂರ್ತಿ ಬರಿದಾಗುವುದು. ಕೆಲಸದಿಂದ ಮನಸ್ಸು ದೂರವಾಗುವುದು, ಅದರ ಬಗ್ಗೆ ಕಹಿ ಹುಟ್ಟುವುದು. ನಾನು ಮಾಡಿದ್ದು ಯಾವುದೂ ಸರಿ ಇಲ್ಲ, ಏನೂ ಉಪಯೋಗವಿಲ್ಲ ಅನ್ನಿಸುವುದು. ಇದನ್ನು ಕಾಯಿಲೆ ಎಂದು ಸಂಸ್ಥೆ ಕರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ಕಾಲ ಬಿಟ್ಟಾಗ ಆಗುವ ಸ್ಥಿತಿ ಎಂದಿದೆ. ಅಂದರೆ ಸರಿಪಡಿಸಬೇಕಾದದ್ದು ನಿಮ್ಮನ್ನು ಮಾತ್ರ ಅಲ್ಲ, ನೀವು ಕೂರುವ ಸೀಟನ್ನೂ.

ಮೂರರಲ್ಲಿ ಎರಡನೆಯ ಗುರುತನ್ನು ಹೆಚ್ಚು ಗಮನಿಸಿ. ಸುಸ್ತು ನಮಗೆ ಗೊತ್ತಾಗುತ್ತದೆ. ಕಹಿ ಮಾತ್ರ ನಮ್ಮ ಸ್ವಭಾವವೇ ಹಾಗೆ ಎಂಬಂತೆ ಒಳಗೆ ಬಂದು ಕೂತಿರುತ್ತದೆ. ಗ್ರಾಹಕರನ್ನು ಮನಸ್ಸಿನಲ್ಲೇ ‘ಇವರೆಲ್ಲ ಹೀಗೇ’ ಎಂದು ಬೈಯುವುದು ದಿನಕ್ಕೆ ಎಷ್ಟು ಸಲ ಆಗುತ್ತಿದೆ, ಒಂದು ವಾರ ಲೆಕ್ಕ ಇಡಿ.

ಆಮೇಲೆ ರಕ್ತ ಪರೀಕ್ಷೆ

ಈ ಹೆಜ್ಜೆಯನ್ನು ಬಿಟ್ಟೇ ಬಹಳ ಜನ ಮುಂದೆ ಹೋಗುತ್ತಾರೆ, ನಾನೂ ಹಾಗೇ ಮಾಡಿದ್ದೆ. ಥೈರಾಯ್ಡ್ ಕಡಿಮೆಯಾದರೂ, ಹಿಮೋಗ್ಲೋಬಿನ್ ಇಳಿದರೂ, ಬಿ12 ಕೊರತೆ ಇದ್ದರೂ, ಸಕ್ಕರೆ ಏರಿದರೂ ಇದೇ ತರಹದ ಸುಸ್ತು ಬರುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ನಿಮ್ಮ ಡಾಕ್ಟರ್ ಹತ್ತಿರ ಹೋಗಿ ‘ಆರು ತಿಂಗಳಿಂದ ಸುಸ್ತು’ ಎಂದು ಹೇಳಿ ಈ ನಾಲ್ಕನ್ನೂ ನೋಡಿಸಿ. ಗೊರಕೆ ಜೋರಾಗಿದ್ದು, ಎಂಟು ತಾಸು ಮಲಗಿದರೂ ಬೆಳಿಗ್ಗೆ ತಲೆ ಭಾರ ಎಂದರೆ ಅದನ್ನೂ ಹೇಳಿ. ನನ್ನ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆಯಿಂದ ನನ್ನ ಕೆಲಸವೇನೂ ಹಗುರಾಗಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು, ಯೋಚನೆ ಮಾಡಲು ಸ್ವಲ್ಪ ತ್ರಾಣ ಬಂತು.

ಇನ್ನೊಂದು ವಿಷಯ. ಖಿನ್ನತೆ ಮತ್ತು ಬರ್ನ್‌ಔಟ್ ಅಕ್ಕಪಕ್ಕದ ಮನೆಗಳಿದ್ದ ಹಾಗೆ. ಭಾನುವಾರ ಮಕ್ಕಳ ಜೊತೆ ನಗುವುದಕ್ಕೆ ಆಗುತ್ತದೆ, ಸೋಮವಾರ ನೆನೆದರೆ ಮಾತ್ರ ಹೊಟ್ಟೆ ಹಿಂಡುತ್ತದೆ ಎಂದರೆ ಬೇರು ಹೆಚ್ಚಾಗಿ ಕೆಲಸದಲ್ಲಿದೆ. ಮಕ್ಕಳು, ಊಟ, ಹಾಡು, ಯಾವುದೂ ಬೇಡ ಅನ್ನಿಸುವುದು ಎರಡು ವಾರಕ್ಕಿಂತ ಜಾಸ್ತಿ ನಡೆದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ತಡ ಮಾಡಬಾರದು. ಬದುಕುವುದೇ ಬೇಡ ಎನ್ನುವ ಯೋಚನೆ ಒಂದು ಸಲ ಬಂದಿದ್ದರೂ ಈ ಲೇಖನವನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೊಬ್ಬರಿಗೂ ಹೇಳಿ.

ಎರಡು ವಾರದ ಚೀಟಿ ಪುಸ್ತಕ

‘ಕೆಲಸ ಜಾಸ್ತಿ’ ಎನ್ನುವುದು ದೂರು. ಅದರಿಂದ ಏನೂ ಬದಲಾಗುವುದಿಲ್ಲ. ಯಾವ ಕೆಲಸ, ಯಾವ ಹೊತ್ತಿನಲ್ಲಿ, ಎಷ್ಟು ಹಿಂಡುತ್ತದೆ ಎಂದು ಗೊತ್ತಾಗಬೇಕು. ಹತ್ತು ರೂಪಾಯಿಯ ಸಣ್ಣ ಪುಸ್ತಕ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬರೆಯಬೇಡಿ, ಅಲ್ಲಿ ಆಫೀಸ್ ಗ್ರೂಪ್ ಕಣ್ಣಿಗೆ ಬೀಳುತ್ತದೆ. ದಿನಕ್ಕೆ ಮೂರು ಸಲ ಬರೆಯಿರಿ: ಊಟಕ್ಕೆ ಮುಂಚೆ, ನಾಲ್ಕು ಗಂಟೆಗೆ, ಮನೆಗೆ ಹೊರಡುವಾಗ. ಈಗ ತಾನೇ ಏನು ಮಾಡಿದೆ, ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆ. ಹತ್ತಕ್ಕೆ ಎಷ್ಟು ಎಂದು ಒಂದು ಅಂಕಿ ಹಾಕಿದರೆ ಸಾಕು.

ನಾನು ಜನರ ರಷ್‌ನಿಂದಲೇ ಸುಸ್ತಾಗುತ್ತಿದ್ದೇನೆ ಎಂದು ನಂಬಿದ್ದೆ. ಪುಸ್ತಕ ಬೇರೆ ಹೇಳಿತು. ಸಾಲು ಎಷ್ಟೇ ಉದ್ದವಿದ್ದರೂ ಮಧ್ಯಾಹ್ನದ ಅಂಕಿ ಆರು, ಏಳು ಇರುತ್ತಿತ್ತು. ನಾಲ್ಕರ ನಂತರ ಎರಡಕ್ಕೆ ಬೀಳುತ್ತಿತ್ತು. ಆ ಹೊತ್ತಿಗೆ ಏನಾಗುತ್ತಿತ್ತು ಗೊತ್ತಾ? ಯಾವ ಶಾಖೆ ಎಷ್ಟು ಜನರನ್ನು ಸರ್ಕಾರದ ಪಿಂಚಣಿ, ವಿಮೆ ಯೋಜನೆಗಳಿಗೆ ಸೇರಿಸಿತು ಎಂಬ ಪಟ್ಟಿ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತಿತ್ತು. ಇವತ್ತು ಅಟಲ್ ಪಿಂಚಣಿ ಎಷ್ಟು, 436 ರೂಪಾಯಿಯ ಜೀವನ್ ಜ್ಯೋತಿ ಎಷ್ಟು, 20 ರೂಪಾಯಿಯ ಸುರಕ್ಷಾ ಬಿಮಾ ಎಷ್ಟು. ಸೊನ್ನೆ ಇದ್ದ ಶಾಖೆಗೆ ಕೆಂಪು ಬಣ್ಣ. ಆರೂವರೆಗೆ ವಿಡಿಯೊ ಕಾನ್ಫರೆನ್ಸ್, ಅದು ಇದೆಯೋ ಇಲ್ಲವೋ ಎಂದು ಆರು ಗಂಟೆಯವರೆಗೆ ಗೊತ್ತಿರುವುದಿಲ್ಲ. ನನ್ನನ್ನು ತಿನ್ನುತ್ತಿದ್ದದ್ದು ಆ ಗೊತ್ತಿಲ್ಲದಿರುವಿಕೆ. ಇವತ್ತು ಎಷ್ಟೊತ್ತಿಗೆ ಮನೆಗೆ ಹೋಗುತ್ತೇನೆ ಎಂದು ಮಗಳಿಗೆ ಹೇಳಲು ಆಗದಿರುವುದು.

ಬರ್ನ್‌ಔಟ್ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ಜಾಗಗಳಲ್ಲಿ ಹುಡುಕಿ ಎನ್ನುತ್ತಾರೆ: ಕೆಲಸದ ಹೊರೆ, ನಮ್ಮ ಕೈಯಲ್ಲಿರುವ ಹಿಡಿತ, ಸಿಗುವ ಮನ್ನಣೆ, ಜೊತೆಗಾರರು, ನ್ಯಾಯ, ಮತ್ತು ನಾವು ನಂಬಿದ್ದಕ್ಕೂ ಮಾಡಬೇಕಾಗಿ ಬಂದದ್ದಕ್ಕೂ ಇರುವ ಅಂತರ. ನಿಮ್ಮ ಪುಸ್ತಕದ ಕಡಿಮೆ ಅಂಕಿಗಳ ಪಕ್ಕದಲ್ಲಿ ಈ ಆರರಲ್ಲಿ ಯಾವುದು ಎಂದು ಬರೆಯಿರಿ. ನನ್ನದು ಹಿಡಿತ ಮತ್ತು ಕೊನೆಯದು. ಬೆಳೆಸಾಲಕ್ಕೆ ಬಂದ ರೈತನಿಗೆ ಬೇಡದ ಪಾಲಿಸಿ ಹೇಳಬೇಕಾಗಿ ಬಂದ ದಿನಗಳಲ್ಲಿ ನನ್ನ ಅಂಕಿ ಒಂದು.

ಒಂದೇ ಒಂದನ್ನು ಕೇಳಿ

ಪುಸ್ತಕ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ. ಸೋಮವಾರ ಬೇಡ, ತಿಂಗಳ ಕೊನೆ ಬೇಡ. ಮಂಗಳವಾರ ಅಥವಾ ಬುಧವಾರ ಕ್ಯಾಶ್ ಟ್ಯಾಲಿ ಆದ ಮೇಲೆ ಹತ್ತು ನಿಮಿಷ ಕೇಳಿ. ಹತ್ತು ದೂರು ಹೇಳಬೇಡಿ. ಅವರೂ ಅದೇ ವಿಡಿಯೊ ಕಾನ್ಫರೆನ್ಸಿನಲ್ಲಿ ಬೈಸಿಕೊಂಡವರು, ಎಷ್ಟೋ ಸಲ ನಮಗಿಂತ ಜಾಸ್ತಿ ಬತ್ತಿರುತ್ತಾರೆ.

ಹೀಗೆ ಹೇಳಬಹುದು: ‘ಸರ್, ಎರಡು ವಾರ ಬರೆದಿಟ್ಟು ನೋಡಿದೆ. ಕೌಂಟರ್ ಕೆಲಸದಲ್ಲಿ ನನಗೆ ತೊಂದರೆ ಇಲ್ಲ. ನಾಲ್ಕರ ನಂತರ ರಿಪೋರ್ಟ್, ಪಾಲಿಸಿ, ಫೋನ್ ಎಲ್ಲ ಒಟ್ಟಿಗೆ ಬಂದಾಗ ತಪ್ಪಾಗುತ್ತಿದೆ. ಹೋದ ವಾರ ಎರಡು ವೋಚರ್ ತಪ್ಪು ಪೋಸ್ಟ್ ಮಾಡಿದ್ದೆ. ವಾರದಲ್ಲಿ ಮೂರು ದಿನ ರಿಪೋರ್ಟ್ ಬೇರೆಯವರು ನೋಡಿಕೊಂಡರೆ ಉಳಿದದ್ದನ್ನು ನಾನು ಸರಿಯಾಗಿ ಮಾಡುತ್ತೇನೆ. ಒಂದು ತಿಂಗಳು ನೋಡೋಣವಾ?’

ತಪ್ಪಿನ ವಿಷಯ ಹೇಳಲು ಹಿಂಜರಿಯಬೇಡಿ. ಬ್ಯಾಂಕಿನಲ್ಲಿ ದಣಿದ ಕೈ ಒಂದು ಸೊನ್ನೆ ಜಾಸ್ತಿ ಹಾಕಿದರೆ ಅದು ಎಲ್ಲರ ತಲೆಗೆ ಬರುತ್ತದೆ. ಮ್ಯಾನೇಜರ್‌ಗೂ ಇದು ಚೆನ್ನಾಗಿ ಗೊತ್ತು. ಒಪ್ಪಿದರೆ ಅದೇ ದಿನ ಒಂದು ಸಣ್ಣ ಮೇಲ್ ಹಾಕಿ, ಧನ್ಯವಾದ ಹೇಳುವ ದನಿಯಲ್ಲಿ. ಒಪ್ಪದಿದ್ದರೂ ಹಾಕಿ. ಮುಂದೆ ವರ್ಗಾವಣೆ ಕೇಳುವಾಗ ಅದು ಬೇಕಾಗುತ್ತದೆ.

ಶಾಖೆಯೊಳಗೆ ಯಾರ ಅನುಮತಿಯೂ ದೊಡ್ಡದಾಗಿ ಬೇಡದ ಬದಲಾವಣೆಗಳೂ ಇವೆ. ನಮ್ಮಲ್ಲಿ ದಿನದ ಅರ್ಧ ಪ್ರಶ್ನೆಗಳು ಒಂದೇ: ಹಣ ಬಂತಾ? ಸರ್ಕಾರದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಅದನ್ನು ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳಿದ್ದ ಮನೆಯವರಿಗೆ ಅದನ್ನು ತೋರಿಸಿಕೊಟ್ಟೆವು. ಆಧಾರ್ ಜೋಡಣೆ ಇಲ್ಲದೆ ಹಣ ನಿಂತವರ ಹೆಸರನ್ನು ಬೇರೆ ಪಟ್ಟಿ ಮಾಡಿ ವಾರಕ್ಕೆ ಒಂದು ಮಧ್ಯಾಹ್ನ ಅದಕ್ಕೇ ಇಟ್ಟೆವು. ಒಂದೂವರೆ ತಿಂಗಳಲ್ಲಿ ಬೆಳಗಿನ ಸಾಲು ಬಾಗಿಲಿನ ಒಳಗೆ ಬಂತು. ಆ ಅಜ್ಜಿಯ ಮೊಮ್ಮಗನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟದ್ದು ನಾನೇ.

ರಜೆ: ಇದನ್ನು ಸರಿಯಾಗಿ ಓದಿ

ನಮ್ಮವರಿಗೆ ರಜೆ ಕೂಡಿಡುವುದೇ ಒಂದು ಅಭ್ಯಾಸ. ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಹನ್ನೊಂದು ದಿನ ಕೆಲಸ ಮಾಡಿದರೆ ಒಂದು ದಿನದ ಪಿಎಲ್ (ಗಳಿಕೆ ರಜೆ) ಸಿಗುತ್ತದೆ. ವರ್ಷಕ್ಕೆ 12 ಸಿಎಲ್ (ಸಾಂದರ್ಭಿಕ ರಜೆ) ಇವೆ. ಸೇವೆಯ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಿಕ್ ಲೀವ್ ಅರ್ಧ ಸಂಬಳದ ಮೇಲೆ ಇದೆ. 2024ರ ಮಾರ್ಚ್ 8ರಂದು ಬ್ಯಾಂಕುಗಳಿಗೂ ನೌಕರರ ಯೂನಿಯನ್‌ಗಳಿಗೂ ನಡುವೆ ಸಹಿಯಾದ 12ನೇ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಮಹಿಳಾ ಸಿಬ್ಬಂದಿ ತಿಂಗಳಿಗೆ ಒಂದು ದಿನ ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆಯೂ ಸಿಕ್ ಲೀವ್ ಹಾಕಬಹುದು. ನಿವೃತ್ತಿ ದಿನ ದುಡ್ಡಾಗುತ್ತದೆ ಎಂದು ಪಿಎಲ್ ಮುಟ್ಟದೆ ಇಟ್ಟವರನ್ನು ನಾನು ನೋಡಿದ್ದೇನೆ. ದುಡ್ಡು ಬಂತು. ಆ ಹೊತ್ತಿಗೆ ಬಿಪಿ, ಶುಗರ್ ಎರಡೂ ಬಂದಿದ್ದವು.

ಬ್ಯಾಂಕೇತರ ಖಾಸಗಿ ಕಂಪನಿ, ಅಂಗಡಿಗಳಲ್ಲಿ ಇರುವವರಿಗೆ ಒಂದು ಮಾತು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನ ಸಂಬಳಸಹಿತ ರಜೆ ಎಂದಿದೆ. ಕೇಳುವ ಮುಂಚೆ ನಿಮ್ಮ ನೇಮಕಾತಿ ಪತ್ರವನ್ನೂ ಒಮ್ಮೆ ಓದಿಕೊಳ್ಳಿ.

ಎಷ್ಟು ದಿನ ಬೇಕು? ನನ್ನ ಅನುಭವದಲ್ಲಿ ಒಂದೆರಡು ದಿನದ ಸಿಎಲ್‌ನಿಂದ ಬರ್ನ್‌ಔಟ್‌ಗೆ ಏನೂ ಆಗುವುದಿಲ್ಲ. ಹತ್ತು ದಿನ ಒಟ್ಟಿಗೆ ಬೇಕು. ‘ಹತ್ತು ದಿನ ಯಾರು ಕೊಡುತ್ತಾರೆ ಮೇಡಂ’ ಎನ್ನುತ್ತೀರಿ, ಅಲ್ವಾ? ಕೊಡುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಕನಿಷ್ಠ ಹತ್ತು ಕೆಲಸದ ದಿನ ಕಡ್ಡಾಯ ರಜೆ ಮೇಲೆ ಕಳಿಸಬೇಕು. ಆ ದಿನಗಳಲ್ಲಿ ಸಾಮಾನ್ಯ ಆಫೀಸ್ ಮೇಲ್ ಬಿಟ್ಟು ಕೆಲಸಕ್ಕೆ ಸಂಬಂಧಿಸಿದ ಯಾವುದೂ ಅವರ ಕೈಗೆ ಸಿಗಬಾರದು. ನಿಯಮ ಮಾಡಿದ್ದು ನಮ್ಮ ವಿಶ್ರಾಂತಿಗೆ ಅಲ್ಲ, ಮೋಸ ಹಿಡಿಯುವುದಕ್ಕೆ. ನಾನಿಲ್ಲದಾಗ ಬೇರೆಯವರು ನನ್ನ ಸೀಟಿನಲ್ಲಿ ಕೂತರೆ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ ಎಂದು.

ಆದರೂ ಈ ನಿಯಮ ನನ್ನ ಕಣ್ಣು ತೆರೆಸಿತು. ನಾನಿಲ್ಲದೆ ಶಾಖೆ ಹತ್ತು ದಿನ ನಡೆಯಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಹಾಗಿದ್ದರೆ ‘ನಾನಿಲ್ಲದಿದ್ದರೆ ಹೇಗೆ’ ಎಂದು ಹದಿನೇಳು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಯಾರು ಕೊಟ್ಟ ಭಾರ?

ನಿಮ್ಮದು ಅಂತಹ ಸೂಕ್ಷ್ಮ ಹುದ್ದೆಯಾಗಿದ್ದರೆ ಕಳೆದ ವರ್ಷ ಆ ರಜೆ ಸಿಕ್ಕಿತ್ತಾ ನೋಡಿ, ಸಿಕ್ಕಿರದಿದ್ದರೆ ಕೇಳಿ. ಇಲ್ಲದಿದ್ದರೆ ಪಿಎಲ್ ಹಾಕಿ. ಮಾರ್ಚ್, ಸೆಪ್ಟೆಂಬರ್ ಕೊನೆ ಬಿಟ್ಟು ತಿಂಗಳ ಎರಡನೇ ವಾರದಿಂದ ಶುರು ಮಾಡಿದರೆ ಮಂಜೂರಾಗುವುದು ಸುಲಭ. 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಸ್ಟ್ರಾಂಗ್‌ರೂಮಿನ ಕೀ ನಿಮ್ಮ ಹತ್ತಿರ ಇದ್ದರೆ ಯಾರಿಗೆ ಒಪ್ಪಿಸುತ್ತೀರಿ ಎಂದು ಅರ್ಜಿಯಲ್ಲೇ ಬರೆಯಿರಿ. ನಮ್ಮ ಕಡೆ ಎಷ್ಟೋ ರಜೆ ನಿಲ್ಲುವುದು ಕೀ ಹಿಡಿಯಲು ಜನ ಇಲ್ಲ ಎಂಬ ಕಾರಣಕ್ಕೆ. ಬಾಕಿ ಇರುವ ಫೈಲುಗಳ ಒಂದು ಪುಟದ ಪಟ್ಟಿ ಮಾಡಿ ಕೊಡಿ. ಆಮೇಲೆ ಆಫೀಸ್ ಗ್ರೂಪುಗಳನ್ನು ಮ್ಯೂಟ್ ಮಾಡುವುದಲ್ಲ, ಆರ್ಕೈವ್ ಮಾಡಿ. ತುರ್ತು ಇದ್ದರೆ ಯಜಮಾನರ ನಂಬರಿಗೆ ಕರೆ ಮಾಡಿ ಎಂದು ಹೇಳಿ ಬಂದಿದ್ದೆ. ಹತ್ತು ದಿನದಲ್ಲಿ ಒಂದೇ ಕರೆ ಬಂತು.

ಮೊದಲ ಮೂರು ದಿನ ಚೆನ್ನಾಗಿರುವುದಿಲ್ಲ. ತಲೆನೋವು, ಅಳು, ಸುಮ್ನೆ ಸಿಟ್ಟು. ಹೆದರಬೇಡಿ, ಮಲಗಿ. ರಜೆ ಇದೆ ಎಂದು ಮನೆಗೆ ಬಣ್ಣ ಹೊಡೆಸುವುದು, ಮೂರು ಊರಿನ ಮದುವೆ, ಮಗಳ ಟ್ಯೂಷನ್ ಹುಡುಕಾಟ, ಇದೆಲ್ಲ ತುಂಬಿಸಬೇಡಿ. ನಾನು ತವರಿಗೆ ಹೋದೆ. ಅವ್ವನಿಗೆ ಫೋನಿನಲ್ಲೇ ಹೇಳಿದ್ದೆ, ‘ಅವ್ವಾ, ನಾನು ಬರೋದು ಮಲಗಾಕ’. ಆಕೆ ನಾಲ್ಕು ದಿನ ಏನೂ ಕೇಳಲಿಲ್ಲ. ಜೋಳದ ರೊಟ್ಟಿ ಬಡಿದು ಹಾಕಿದಳು. ಐದನೇ ದಿನ ನಾನೇ ಎದ್ದು ಹಿತ್ತಲಿನ ಗಿಡಕ್ಕೆ ನೀರು ಹಾಕಿದೆ. ಬಹಳ ತಿಂಗಳ ನಂತರ ನಾನಾಗಿ ಬೇಕೆಂದು ಮಾಡಿದ ಮೊದಲ ಕೆಲಸ ಅದು.

ಮೈಯ ಲೆಕ್ಕ

ಊಟಕ್ಕೆ ಸೀಟು ಬಿಟ್ಟು ಏಳಿ. ಇಪ್ಪತ್ತು ನಿಮಿಷ ಸಾಕು, ಆದರೆ ಡಬ್ಬಿ ತೆರೆದುಕೊಂಡು ವೋಚರ್ ನೋಡಬೇಡಿ. ನಾಲ್ಕರ ನಂತರ ಕಾಫಿ, ಟೀ ಬೇಡ. ಮಲಗುವ ಕೋಣೆಯಲ್ಲಿ ಫೋನ್ ಇಡಬೇಡಿ, ಅಲಾರಾಂಗೆ ನೂರೈವತ್ತು ರೂಪಾಯಿಯ ಗಡಿಯಾರ ತನ್ನಿ.

ಹೆಣ್ಣುಮಕ್ಕಳಿಗೆ ಮುಖ್ಯವಾಗಿ: ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ ಎಂದು ನೀರು ಕುಡಿಯದೆ ಕೂರಬೇಡಿ. ನನ್ನ ಜೊತೆಯ ಇಬ್ಬರಿಗೆ ಮೂತ್ರದ ಸೋಂಕು ಮತ್ತೆ ಮತ್ತೆ ಬಂತು. ‘ಎರಡು ನಿಮಿಷ’ ಎಂಬ ಬೋರ್ಡ್ ಕೌಂಟರ್ ಮೇಲೆ ಇಟ್ಟು ಎದ್ದು ಹೋಗಿ. ಸಾಲಿನಲ್ಲಿ ನಿಂತವರೂ ಹೆಣ್ಣುಮಕ್ಕಳೇ, ಅವರಿಗೆ ಅರ್ಥವಾಗುತ್ತದೆ.

ಮನೆಯ ಕೆಲಸವನ್ನೂ ಅದೇ ಚೀಟಿ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಎಂಟಕ್ಕೆ ಮನೆಗೆ ಬಂದು ಒಲೆ ಹಚ್ಚುವುದು ಎರಡನೇ ಡ್ಯೂಟಿ. ಅದನ್ನು ಗಂಡನ ಎದುರು ಇಟ್ಟು ‘ಇದರಲ್ಲಿ ಯಾವ ಎರಡು ನಿಮ್ಮದು?’ ಎಂದು ಕೇಳಿ. ‘ಸಹಾಯ ಮಾಡ್ರಿ’ ಎಂದರೆ ಅದು ನಿಮ್ಮ ಕೆಲಸವಾಗಿಯೇ ಉಳಿಯುತ್ತದೆ.

ಯಾರ ಹತ್ತಿರ ಮಾತಾಡುವುದು

ಒಬ್ಬ ಸಹೋದ್ಯೋಗಿಯ ಹತ್ತಿರ ಮೊದಲು ಹೇಳಿ. ನಾನು ಹೇಳಿದ ದಿನ ಪಕ್ಕದ ಕೌಂಟರಿನ ಹುಡುಗ ‘ಮೇಡಂ, ನನಗೂ ರಾತ್ರಿ ನಿದ್ದೆ ಬಂದು ಎರಡು ತಿಂಗಳಾಯ್ತು’ ಎಂದ. ಅವನಿಗೆ ಇಪ್ಪತ್ತಾರು ವರ್ಷ. ನಿಮ್ಮ ಯೂನಿಯನ್ ಅಥವಾ ಅಸೋಸಿಯೇಷನ್‌ನವರಿಗೂ ತಿಳಿಸಿ. ಒಬ್ಬರು ಹೇಳಿದರೆ ಅದು ಅವರ ಸಮಸ್ಯೆ, ಐದು ಶಾಖೆಯವರು ಒಟ್ಟಿಗೆ ಬರೆದರೆ ಸಂಜೆಯ ಮೀಟಿಂಗಿನ ಹೊತ್ತು ಬದಲಾಗುತ್ತದೆ. ನಮ್ಮಲ್ಲಿ ಹಾಗೆ ಆಯಿತು.

ವೈದ್ಯರು ಬೇಕೆಂದರೆ ಬೆಂಗಳೂರಿಗೇ ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. ಬೆಂಗಳೂರಿನಲ್ಲಿ ಇರುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಅದು ಸುಲಭ.

ರಾಜೀನಾಮೆ, ವರ್ಗಾವಣೆ, ಮತ್ತೆ ಮೊದಲ ದಿನ

ರಾಜೀನಾಮೆ ಪತ್ರವನ್ನು ನಾನು ಎರಡು ಸಲ ಟೈಪ್ ಮಾಡಿದ್ದೆ. ಬತ್ತಿದ ತಿಂಗಳಲ್ಲಿ ಆ ತೀರ್ಮಾನ ಮಾಡಬೇಡಿ. ರಜೆ ಮುಗಿಸಿ ಎರಡು ತಿಂಗಳು ಕೆಲಸ ಮಾಡಿ, ಪುಸ್ತಕದ ಅಂಕಿ ನೋಡಿ. ಮೇಲೆ ಹೇಳಿದ್ದೆಲ್ಲ ಮಾಡಿದರೂ ಸಂಜೆಯ ಅಂಕಿ ಮೂರು ದಾಟುತ್ತಿಲ್ಲ ಎಂದರೆ ಮೊದಲು ಸೀಟು ಬದಲಾವಣೆ, ಆಮೇಲೆ ಶಾಖೆ ಬದಲಾವಣೆ ಕೇಳಿ. ಬಿಡಲೇಬೇಕು ಎಂದಾದರೆ ಆರು ತಿಂಗಳ ಮನೆ ಖರ್ಚು, ಸ್ಟಾಫ್ ಹೌಸಿಂಗ್ ಲೋನಿನ ಬಾಕಿ, ಬಿಟ್ಟ ಮೇಲೆ ಅದರ ಬಡ್ಡಿ ಎಷ್ಟಾಗುತ್ತದೆ, ಮೂರನ್ನೂ ಕಾಗದದ ಮೇಲೆ ಬರೆದು ನೋಡಿ.

ರಜೆಯಿಂದ ವಾಪಸ್ ಬರುವ ದಿನವನ್ನೂ ಯೋಚಿಸಿ ಇಟ್ಟುಕೊಳ್ಳಿ. ಸೋಮವಾರ ಬರಬೇಡಿ. ಎರಡನೇ ಅಥವಾ ನಾಲ್ಕನೇ ಶನಿವಾರ ಇರುವ ವಾರದ ಗುರುವಾರ ಬನ್ನಿ. ಎರಡೇ ದಿನದ ಕೆಲಸ, ಮತ್ತೆ ಎರಡು ದಿನ ಬಿಡುವು. ಮೊದಲ ದಿನ ಮೇಲ್ ಪೂರ್ತಿ ಓದಲು ಹೋಗಬೇಡಿ. ನೀವು ಬರೆದು ಕೊಟ್ಟು ಹೋದ ಒಂದು ಪುಟದ ಪಟ್ಟಿ ಕೇಳಿ ತೆಗೆದುಕೊಳ್ಳಿ, ಮುಗಿದದ್ದಕ್ಕೆ ಗೆರೆ ಎಳೆಯಿರಿ. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ಹನ್ನೊಂದಕ್ಕೆ ಆಗಲೇ ಗೆರೆ ಬಿದ್ದಿತ್ತು.